ರಾಮಶಾಸ್ತ್ರಿಗಳ ತೀರ್ಪು ಮತ್ತು ನ್ಯೂರೆಂಬರ್ಗಿನ ನ್ಯಾಯಾಧೀಶರು

1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ತರುಣ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು. ಕಾವಲಿನ ಗಾರದಿಗಳೇ ಅವನನ್ನು ಕಡಿದರು. ಚಿಕ್ಕಪ್ಪ ರಘುನಾಥರಾಯನು ಗಾದಿಯೇರಿದನು. ‘ಹಿಡಿಯಬೇಕು’ ಎಂಬರ್ಥದ ‘ಧರಾವೆ’ ಎಂಬ ಮಾತನ್ನು ಆನಂದೀಬಾಯಿಯು ‘ಮಾರಾವೆ’ ಎಂದು ತಿದ್ದಿದಳೆಂಬುದು ಜನಶ್ರುತಿ. ಅದರ ಗೊಡವೆ ಇಲ್ಲಿ ಬೇಡ. ನಮಗೆ ಮುಖ್ಯವಾದುದು ಅನಂತರದ ವಿಚಾರಣೆ. ನ್ಯಾಯಾಧೀಶರಾಗಿದ್ದ ರಾಮಶಾಸ್ತ್ರಿ ಪ್ರಭುಣೆಯವರು ಕೊಲೆಯ ಜಾಡನ್ನು ಶೋಧಿಸುತ್ತ ಹೊಸ ಪೇಶ್ವೆಯವರೆಗೆ ಬಂದರು. ಈ ಪಾಪಕ್ಕೆ ದೇಹಾಂತವೇ ಪ್ರಾಯಶ್ಚಿತ್ತವೆಂದು ಅವನೆದುರಿನಲ್ಲಿಯೇ ಹೇಳಿ, ಪದವಿಯನ್ನು ತ್ಯಜಿಸಿ ಪುಣೆಯಿಂದ ಹೊರಟುಹೋದರೆಂದು ಪ್ರಸಿದ್ಧಿಯಿದೆ. ತೀರ್ಪು ಜಾರಿಯಾಗಲಿಲ್ಲ. ಆದರೆ ಗಾದಿಗೆ ನ್ಯಾಯಾಸನದ ಒಪ್ಪಿಗೆಯೂ ದೊರೆಯಲಿಲ್ಲ. ನಾನಾ ಫಡನವೀಸ ಮೊದಲಾದ ಬಾರಭಾಯಿಗಳು ರಘುನಾಥರಾಯನನ್ನು ಹೊರಗಟ್ಟಿದ ಮೇಲೆ ಶಾಸ್ತ್ರಿಗಳು ಮರಳಿ ಪದವಿಗೆ ಬಂದರು.

ಇಂಥ ಒಪ್ಪಿಗೆಯು ಸರ್ವಾಧಿಕಾರಿಗೆ ಎಷ್ಟು ಬೇಕಾದುದೆಂಬುದನ್ನು ಹಿಟ್ಲರನ ಜರ್ಮನಿಯಲ್ಲಿ ಕಾಣಬಹುದು. 1947ರಲ್ಲಿ ಅಮೆರಿಕದ ನ್ಯಾಯಮಂಡಲಿಯೊಂದು ನ್ಯೂರೆಂಬರ್ಗಿನಲ್ಲಿ ನ್ಯಾಯಾಧೀಶರು, ಸರಕಾರಿ ವಕೀಲರು, ನ್ಯಾಯಖಾತೆಯ ಅಧಿಕಾರಿಗಳು ಸೇರಿ ಹದಿನಾರು ಮಂದಿಯ ಮೇಲೆ ಮೊಕದ್ದಮೆ ಹೂಡಿತು. ಹತ್ತು ಮಂದಿಗೆ ಶಿಕ್ಷೆಯಾಯಿತು. ಅವರಲ್ಲೊಬ್ಬನಾದ ರೋಟಾಗನ ಕೃತ್ಯ ಗಮನಾರ್ಹ. ಕಾಟ್ಸೆನ್‌ಬರ್ಗರ್ ಎಂಬ ವೃದ್ಧ ಯೆಹೂದಿ ವ್ಯಾಪಾರಿಯು ಜರ್ಮನ್ ತರುಣಿಯೊಡನೆ ಸಂಬಂಧವಿಟ್ಟುಕೊಂಡನೆಂಬ ಆರೋಪ 1942ರಲ್ಲಿ ಇವನ ಮುಂದೆ ಬಂದಿತು. ಜನಾಂಗಶುದ್ಧಿಯ ಆ ಕ್ರೂರ ಕಾಯಿದೆಯಲ್ಲಿಯೂ ಇದಕ್ಕೆ ಮರಣದಂಡನೆ ಇರಲಿಲ್ಲ. ಯುದ್ಧಕಾಲದ ದೀಪವಾರಣೆಯ ಕತ್ತಲೆಯನ್ನು ದುರುಪಯೋಗಿಸಿಕೊಂಡನೆಂದು ಇನ್ನೊಂದು ಶಾಸನವನ್ನು ಅದಕ್ಕೆ ಜೋಡಿಸಿ ರೋಟಾಗನು ಮುದುಕನ ತಲೆ ತೆಗೆಸಿದನು. ಕಾಯಿದೆಯೇ ಹಾಗಿತ್ತೆಂಬ ಸಮಾಧಾನ ಇಲ್ಲಿ ನಿಲ್ಲದು. ಕಾಯಿದೆಯಲ್ಲಿ ಕಡಮೆಯಿದ್ದುದನ್ನು ನ್ಯಾಯಾಧೀಶನೇ ತುಂಬಿಕೊಟ್ಟನು. ನ್ಯಾಯಮಂತ್ರಿಯ ಸ್ಥಾನದಲ್ಲಿ ಕೆಲಕಾಲವಿದ್ದ ಶ್ಲೇಗೆಲ್‌ಬರ್ಗರನದು ಬೇರೆಯ ವಾದ: ತಾನು ಬಿಟ್ಟಿದ್ದರೆ ತನಗಿಂತ ಕೆಟ್ಟವನು ಬರುತ್ತಿದ್ದನು! ಕೆಟ್ಟವನು ಬಂದದ್ದೂ ನಿಜ. ಅಲ್ಲಿಯವರೆಗೆ ಸಹಿ ಮಾತ್ರ ಇವನದೇ. ಇಬ್ಬರಿಗೂ ಆಜೀವ ಕಾರಾವಾಸ ವಿಧಿಸಲ್ಪಟ್ಟಿತು. ಇಬ್ಬರೂ 1956ರೊಳಗೆ ಬಿಡುಗಡೆಯಾದರು.

ನಮ್ಮ ದೇಶದ 1975–77ರ ತುರ್ತುಪರಿಸ್ಥಿತಿಯನ್ನು ನಾಜಿ ಆಳ್ವಿಕೆಗೆ ಹೋಲಿಸುವುದು ಅತಿಯಾದೀತು. ಆದರೂ ನ್ಯಾಯಾಧೀಶನ ಮುಂದಿದ್ದ ಪ್ರಶ್ನೆ ಅದೇ ಜಾತಿಯದು. ವಿಚಾರಣೆಯಿಲ್ಲದೆ ಬಂಧಿತನಾದವನು ನ್ಯಾಯಾಲಯದ ಬಾಗಿಲು ತಟ್ಟಬಹುದೇ? ತಟ್ಟಬಹುದೆಂದು ಹಲವು ಹೈಕೋರ್ಟುಗಳು ಹೇಳಿದವು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ ಮೊದಲಾದವರ ಅರ್ಜಿಗಳು ಕರ್ನಾಟಕ ಹೈಕೋರ್ಟಿನ ಮುಂದಿದ್ದವು. ಅಲ್ಲಿನ ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿಯವರನ್ನು 1976ರಲ್ಲಿ ಹೊರರಾಜ್ಯಗಳಿಗೆ ವರ್ಗಾಯಿಸಲಾಯಿತು. ಅದೇ ವರ್ಷ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆ ಬಾಗಿಲನ್ನು ಮುಚ್ಚಿದರು. ಆ ನಾಲ್ವರಲ್ಲಿ ರಾಮಶಾಸ್ತ್ರಿಗಳ ಪುಣೆಯಲ್ಲಿಯೇ ಹುಟ್ಟಿ ಓದಿದ ವೈ. ವಿ. ಚಂದ್ರಚೂಡರೂ ಇದ್ದರೆಂಬುದು ಈ ಊರಿನವರನ್ನು ನೋಯಿಸುವ ಸಂಗತಿ. ಒಂಟಿಯಾಗಿ ಭಿನ್ನಮತವಿತ್ತ ಎಚ್. ಆರ್. ಖನ್ನಾ ಅವರಿಗೆ 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಪದವಿ ತಪ್ಪಿತು. ಅವರೂ ರಾಜೀನಾಮೆಯಿತ್ತು ಹೊರನಡೆದರು.

ಆ ತೀರ್ಪು 2017ರ ಆಗಸ್ಟ್ 24ರಂದು ರದ್ದಾಯಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ತಂದೆಯ ಮಾತು ಗಂಭೀರ ದೋಷದಿಂದ ಕೂಡಿದ್ದೆಂದು ಬರೆದವರು ಮಗ ಡಿ. ವೈ. ಚಂದ್ರಚೂಡರು.