ಒಡ್ಡಿನ ಬುಡದಲ್ಲಿ ಹಿರಿಯರ ಕೈ

ಕೃಷ್ಣೆಯ ಸೀಮೆಯ ಜಮಖಂಡಿ, ರಬಕವಿ-ಬನಹಟ್ಟಿಗಳಲ್ಲಾಗಲಿ, ಘಟಪ್ರಭೆಯ ಮುಧೋಳದಲ್ಲಾಗಲಿ, ಈ ಎರಡು ನದಿಗಳ ನಡುವಣ ಬೀಳಗಿಯಲ್ಲಾಗಲಿ ಹುಟ್ಟಿ ಬೆಳೆದವರಿಗೆ, ಮಳೆಗಾಲದಲ್ಲಿ ದಡ ಮೀರಿ ಹರಿದ ಹೊಳೆಯೇ ಬೇಸಗೆಯಲ್ಲಿ ಬರಿಯ ಮರಳಾಗಿ ಮಲಗುವ ಸಂಕಟ ಹೊಸತಲ್ಲ. ಜಮಖಂಡಿ ಸೀಮೆಯ ರೈತರು 1989ರಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಮ್ಮದೇ ವಂತಿಗೆಯಿಂದಲೂ ಶ್ರಮದಾನದಿಂದಲೂ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದ್ದು ಈ ಸಂಕಟದಿಂದಲೇ. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ಅನ್ವರ್ಥವಾಗಿದೆ. ಹೊಳೆಯನ್ನು ತಡೆದು ಹೊಲಕ್ಕೆ ಹಾಯಿಸುವ ಹಂಬಲವಾದರೋ ಬಹು ಪುರಾತನವಾದುದು. ಹೊಸ ಆಣೆಕಟ್ಟಿನ ಕೆಲಸದ ನಡುವೆ ಆ ಹಳೆಯ ಹಂಬಲದ ಕುರುಹು ಎದುರಾದ ಪ್ರಸಂಗಗಳು ನಮ್ಮ ನಾಡಿನಲ್ಲಿವೆ.

1911ರಲ್ಲಿ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕಾಮಗಾರಿ ಮೊದಲಾದಾಗ ಪಾರಸಿ ಭಾಷೆಯ ಶಿಲಾಲೇಖವೊಂದು ದೊರಕಿತು. ಅದೇ ಕಾವೇರಿಗೆ ಕಟ್ಟೆ ಹಾಕಿಸಲು ಟಿಪ್ಪು ಸುಲ್ತಾನನು ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಅಸ್ತಿಭಾರ ಹಾಕಿಸಿದ ಸಂಗತಿಯೂ, ಆ ನೀರಿನಿಂದ ಬೀಳುಭೂಮಿಯನ್ನು ಸಾಗುವಳಿಗೆ ತಂದವರಿಗೆ ಕಂದಾಯದಲ್ಲಿ ಕಾಲುಭಾಗ ಮಾಫಿಯೆಂಬ ವಚನವೂ ಅದರಲ್ಲಿವೆ. ಕಲ್ಲನ್ನು ಎಸೆಯದೆ ಆಣೆಕಟ್ಟಿನ ಪ್ರವೇಶದ್ವಾರದಲ್ಲಿಯೇ ನೆಟ್ಟ ವಿವೇಕ ಮೆಚ್ಚತಕ್ಕದ್ದು.

ತುಂಗಭದ್ರೆಯ ಕಥೆ ಇನ್ನೂ ಮನಸ್ಸನ್ನು ಕಲಕುವಂಥದು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಬಿಟ್ಟ ಆ ಮಹಾಜಲಾಶಯದೊಳಗೆ, 1521ರ ಶಾಸನವು ಕೃಷ್ಣದೇವರಾಯನ ಕಾಲದ್ದೆಂದು ಸಾರುವ ವಲ್ಲಭಾಪುರದ ಅಣೆ ಮುಳುಗಿಹೋಯಿತು. ವಿಜಯನಗರದ ಅಣೆಗಳ ಚಾತುರ್ಯವನ್ನು ಹತ್ತಿರದಿಂದ ನೋಡಿಯೇ ತಿಳಿಯಬೇಕು. ಹೊಳೆಯ ನಡುವೆ ತಾನಾಗಿ ನಿಂತಿರುವ ಹೆಬ್ಬಂಡೆಯಿಂದ ಹೆಬ್ಬಂಡೆಗೆ, ನೇರ ಗೆರೆಯ ಹಟ ಹಿಡಿಯದೆ, ಅಂಕುಡೊಂಕಾಗಿಯೇ ಕಲ್ಲಿನ ಸಾಲು ಸಾಗುತ್ತದೆ. ಗಾರೆಯ ಹಂಗಿಲ್ಲದ ದಪ್ಪ ಕಲ್ಲುಗಳು ಒಂದನ್ನೊಂದು ಕಚ್ಚಿ ಕುಳಿತಿರುತ್ತವೆ, ಕೆಲವೆಡೆ ಅವನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದಿರುತ್ತಾರೆ. ಹೊಳೆಯನ್ನು ಪೂರ್ತಿ ಕಟ್ಟಿಹಾಕುವ ಉದ್ದೇಶ ಅವಕ್ಕಿರಲಿಲ್ಲ. ನೀರಿನ ಮಟ್ಟವನ್ನು ಕಾಲುವೆಯ ಬಾಯಿಗೆ ಎಟುಕುವಷ್ಟು ಏರಿಸಿ, ಮಹಾಪೂರ ಬಂದಾಗ ತಲೆಯ ಮೇಲಿಂದ ಹರಿಯಗೊಟ್ಟದ್ದರಿಂದಲೇ ಅವು ಶತಮಾನಗಳ ಪ್ರವಾಹಗಳನ್ನು ತಾಳಿದವು.

ಇತ್ತ ಕೃಷ್ಣೆಯ ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿಯ ಕಡೆಯ ಹಳ್ಳಿಗಳನ್ನು ಆವರಿಸಿದಾಗ ಮನೆ-ಮಠಗಳ ಜೊತೆಗೆ ತಲೆತಲಾಂತರದ ಬಾವಿಗಳೂ ಬದುಗಳೂ ನೀರಿನ ಪಾಲಾದವು. ದೇವಾಲಯಗಳ ಕಲ್ಲಿಗೆ ಲೆಕ್ಕ ಇಡುತ್ತೇವೆ, ಅದು ಯೋಗ್ಯವೇ. ಆದರೆ ಅನ್ನ ಕೊಟ್ಟ ಒಡ್ಡು, ತೂಬು, ಮೆಟ್ಟಿಲುಬಾವಿಗಳ ಅಳತೆಯನ್ನೂ ಚಿತ್ರವನ್ನೂ ನೀರು ಏರುವ ಮುನ್ನವೇ ತೆಗೆದಿರಿಸುವುದು ಅಷ್ಟೇ ಅಗತ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ವಲ್ಲಭಾಪುರದ ಅಣೆ ಮುಳುಗಿದರೂ ಅದರಿಂದ ಹೊರಟ ಕಾಲುವೆ ಬತ್ತಲಿಲ್ಲ. ಹೊಸ ಜಲಾಶಯದಿಂದಲೇ ಅದಕ್ಕೆ ನೀರೊದಗಿಸಲಾಯಿತು. ಹೊಸಪೇಟೆಯ ಸೀಮೆಯಲ್ಲಿ ಅದಕ್ಕೆ ಈಗಲೂ ಬಸವಣ್ಣ ಕಾಲುವೆಯೆಂದೇ ಹೆಸರು.