ಬಿಲ್ಲಾ ನಂಬರ್ 786... ನಮ್ಮನೆ ಹಿತ್ತಲಲ್ಲೇ!

ಗುಂಡು ಹಾರಿತು! ‘ಅಯ್ಯೋ, ಮುಗೀತು ನಮ್ಮ ಹೀರೋ ಕಥೆ’ ಅಂತ ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೂ ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಆದರೆ ವಿಜಯ್ ಸಾಯಲಿಲ್ಲ. ಗುಂಡಿಗೆ ಅಡ್ಡ ಬಂದದ್ದು ಪೊಲೀಸರಲ್ಲ, ನಾಯಕಿಯೂ ಅಲ್ಲ. ಒಂದು ಪುಟ್ಟ ಹಿತ್ತಾಳೆ ಬಿಲ್ಲೆ. ನಂಬರ್ 786!

1975ರಲ್ಲಿ ತೆರೆಕಂಡ ಯಶ್ ಚೋಪ್ರಾ ಅವರ ‘ದೀವಾರ್’ ನೋಡಿದವರಿಗೆ ಆ ಬಿಲ್ಲೆಯ ಮಹಿಮೆ ಹೇಳಬೇಕಾಗಿಲ್ಲ. ಬೊಂಬಾಯಿ ಬಂದರಿನ ಕೂಲಿ ವಿಜಯ್‌ಗೆ ಆ ನಂಬರಿನ ಅರ್ಥ ತಿಳಿಸಿಕೊಡುವವನು ರಹೀಮ್ ಚಾಚಾ. ಕಡೇ ದೃಶ್ಯದಲ್ಲಿ ಅದೇ ಬಿಲ್ಲೆ ಕೈಜಾರುತ್ತದೆ. ಈ ಸಲ ತಮ್ಮನ ಗುಂಡಿಗೆ ಅಡ್ಡ ಬರುವವರು ಯಾರೂ ಇಲ್ಲ. ಸಲೀಂ-ಜಾವೇದ್ ಜೋಡಿ ಒಂದು ತುಂಡು ಲೋಹದ ಕೈಲೂ ಅಭಿನಯ ಮಾಡಿಸಿಬಿಟ್ಟರು ನೋಡಿ! 1983ರ ‘ಕೂಲಿ’ಯಲ್ಲೂ ಅಮಿತಾಭ್‌ಗೆ ಅದೇ 786. ಆ ಚಿತ್ರದ ಹೊಡೆದಾಟದಲ್ಲಿ ಪೆಟ್ಟು ತಿಂದು ಅವರು ಸಾವಿನ ಬಾಗಿಲು ತಟ್ಟಿ ಬಂದದ್ದು ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲೇ, 1982ರ ಜುಲೈನಲ್ಲಿ. ಬದುಕಿ ಬಂದದ್ದನ್ನೂ ನನ್ನಂಥವರು ಬಿಲ್ಲೆಯ ಲೆಕ್ಕಕ್ಕೇ ಬರೆದುಕೊಂಡೆವು!

ಸರಿ, ಅಂಥದ್ದೊಂದು ನಮ್ಮ ಎದೆ ಮೇಲೂ ಇರಬಾರದೆ? ಅಂಗಡೀಲಿ ತಗಡಿನ ಬ್ಯಾಡ್ಜ್ ಸಿಗುತ್ತೆ, ನಿಜ. ಕಾಸು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತೆ. ಆದರೆ ತಾನೇ ಎರಕ ಹೊಯ್ದು ಮಾಡಿದ್ದರ ಗತ್ತೇ ಬೇರೆ ಗುರೂ!

ಹಿತ್ತಾಳೆ ಬೇಡ, ತವರ ಸಾಕು

ಮೊದಲು ಹಿತ್ತಾಳೆಯ ಆಸೆ ಬಿಡಿ. ಅದು ಕರಗೋದಕ್ಕೆ 900 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಬೇಕು. ಅದೆಲ್ಲ ನಾಗಮಂಗಲದ ಎರಕದವರಂಥ ಪಳಗಿದ ಕೈಗಳ ಕೆಲಸ. ತವರ ಹಾಗಲ್ಲ, 232 ಡಿಗ್ರಿಗೇ ನೀರಾಗುತ್ತೆ. ಅಜ್ಜಿಯ ಹಿತ್ತಾಳೆ ಪಾತ್ರೆಗೆ ಕಲಾಯಿಯವನು ಒರೆಸುತ್ತಿದ್ದನಲ್ಲ, ಅದೇ ಬೆಳ್ಳಿ ಬಣ್ಣದ ಲೋಹ. 4 ಸೆಂ.ಮೀ. ಅಗಲ, ಎರಡೂವರೆ ಮಿ.ಮೀ. ದಪ್ಪದ ದುಂಡು ಬಿಲ್ಲೆಗೆ ಸುಮಾರು 23 ಗ್ರಾಂ ಸಾಕು.

ರೇಡಿಯೋ ರಿಪೇರಿಯ ಬೆಸುಗೆ ತಂತಿ 183ಕ್ಕೇ ಕರಗುತ್ತೆ, ಅದನ್ನೇ ಹಾಕು ಅಂತ ಯಾರಾದರೂ ಬುದ್ಧಿ ಹೇಳಬಹುದು. ಕೇಳಬೇಡಿ. ಹಳೇ ಮಾದರಿಯ ಆ ತಂತಿಯಲ್ಲಿ ನೂರಕ್ಕೆ 37 ಪಾಲು ಸೀಸ! ಬಿಲ್ಲೆ ಉಜ್ಜಿದಾಗ ಏಳುವ ಪುಡಿ ಕೈಗೆ ಹತ್ತುತ್ತೆ, ಕೈಯಿಂದ ಬಾಯಿಗೆ ಹೋಗುತ್ತೆ. ಅದು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು. ಮನೇಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡೋ ಪುಟ್ಟ ತಂಗಿ ಇದ್ದರೆ? ಹಳೇ ಬ್ಯಾಟರಿ ಒಡೆದು ಸೀಸ ತೆಗೆಯೋ ಹುಂಬತನವಂತೂ ಬೇಡವೇ ಬೇಡ.

ಇನ್ನು ಅಚ್ಚು. ನಾನು ಮೊದಲ ಸಲ ಮಾಡಿದ ಪೆದ್ದುತನ ಕೇಳಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಒಂದು ಹಲಗೆ ಮಾಡಿ, ಅದರ ಮೇಲೆ ಮೊಳೆಯಲ್ಲಿ ಮುದ್ದಾಗಿ 786 ಅಂತ ಕೊರೆದೆ. ಬಿಲ್ಲೆಯಲ್ಲಿ ಬಂದದ್ದು ಉಲ್ಟಾ 786! ಅಚ್ಚಿಗೇ ಕೊರೆಯುವುದಾದರೆ ಉಲ್ಟಾ ಕೊರೆಯಬೇಕು ಅನ್ನೋದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅದಕ್ಕಿಂತ ಸುಲಭ ಅಂದರೆ, ಜೇಡಿಮಣ್ಣಿನಲ್ಲೋ ಮೇಣದಲ್ಲೋ ನೇರವಾಗಿ ಮಾದರಿ ಮಾಡಿ, ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯೋದು. ಅಕ್ಷರಗಳ ಅಂಚು ಸ್ವಲ್ಪ ಇಳಿಜಾರಾಗಿರಲಿ. ಒಳಗೆ ಕೊಕ್ಕೆಯಾದರೆ ಬಿಲ್ಲೆ ಕಚ್ಚಿಕೊಂಡು ಕೂರುತ್ತೆ, ಅಚ್ಚು ಒಡೆದೇ ತೆಗೀಬೇಕು.

ಪಟ್ ಅಂತು!

ಎರಡನೇ ತಪ್ಪು ನಗುವಂಥದ್ದಲ್ಲ. ಶುಕ್ರವಾರ ಹೊಸ ಪಿಕ್ಚರ್. ಮೊದಲ ಆಟಕ್ಕೆ ಬಿಲ್ಲೆ ಹಾಕ್ಕೊಂಡೇ ಹೋಗಬೇಕು ಅನ್ನೋ ಹುಚ್ಚು. ಹೊಸ ಅಚ್ಚು ಒಂದೇ ದಿನ ಒಣಗಿತ್ತು. ಮುಟ್ಟಿ ನೋಡಿದೆ, ಒಣಗಿದೆ ಅನ್ನಿಸಿತು. ಹಿತ್ತಲಲ್ಲಿ ಸ್ಟವ್ ಹಚ್ಚಿ, ತವರ ಕರಗಿಸಿ, ಸುರಿದೆ.

ಪಟ್!

ಅಚ್ಚಿನ ಹೊಟ್ಟೆಯಲ್ಲಿ ಉಳಿದಿದ್ದ ತೇವ ಒಂದೇ ಕ್ಷಣಕ್ಕೆ ಆವಿಯಾಯಿತು. ನೀರು ಆವಿಯಾದರೆ ಸುಮಾರು 1,700 ಪಟ್ಟು ಜಾಗ ಕೇಳುತ್ತೆ ಸ್ವಾಮಿ, ಎಲ್ಲಿಗೆ ಹೋಗಬೇಕು? ಕಾದ ತವರವನ್ನೇ ಎತ್ತಿ ಎಸೆಯಿತು. ಎಡಗೈ ಮೇಲೆ ಮೂರು ಕಡೆ ಬಿತ್ತು. ಒಂದು ಹನಿ ಕೆನ್ನೆಯ ಪಕ್ಕದಲ್ಲೇ ಹಾದು ಗೋಡೆಗೆ ಅಂಟಿಕೊಂಡಿತು.

“ಏನೋ ಅದು ಸದ್ದು?” ಅಂತ ಒಳಗಿಂದ ಅಮ್ಮ.

“ಏನಿಲ್ಲಮ್ಮ, ಪಟಾಕಿ!”

ಬಂದು ಕೈ ನೋಡಿದಳು, ಗೋಡೆ ನೋಡಿದಳು. ನಲ್ಲಿ ಕೆಳಗೆ ಕೈ ಹಿಡಿಸಿಕೊಂಡು ಇಪ್ಪತ್ತು ನಿಮಿಷ ನಿಂತಳು. ಬೈಲಿಲ್ಲ. “ಕಣ್ಣು ಹೋಗಿದ್ರೆ ಯಾವ ಪಿಕ್ಚರ್ ನೋಡ್ತಿದ್ದೆಯೋ?” ಅಂತ ಮಾತ್ರ ಕೇಳಿದಳು. ಅಂದು ನಾನು ಮೊದಲ ಆಟಕ್ಕೂ ಹೋಗಲಿಲ್ಲ, ಎರಡನೆಯದಕ್ಕೂ ಹೋಗಲಿಲ್ಲ. ಮೂರು ಕಲೆ ಇವತ್ತಿಗೂ ಇವೆ.

ಆಮೇಲೆ ಕಲಿತದ್ದು: ಅಚ್ಚನ್ನು ಬಿಸಿಲಲ್ಲಿ ವಾರಗಟ್ಟಲೆ ಇಟ್ಟು ದಿನಾ ತೂಕ ನೋಡಬೇಕು. ತೂಕ ಇಳಿಯೋದು ಪೂರ್ತಿ ನಿಂತ ಮೇಲೇ ಒಣಗಿದ್ದು ಅಂತ ಲೆಕ್ಕ. ಸುರಿಯೋ ಮುಂಚೆ ನಿಧಾನವಾಗಿ ಬೆಚ್ಚಗೆ ಮಾಡಿ, ಒಳಗೆ ಟಾಲ್ಕಂ ಪೌಡರ್ ತೆಳ್ಳಗೆ ಸವರಬೇಕು. ಅಚ್ಚು ತಣ್ಣಗಿದ್ದರೆ ತವರ ಅರ್ಧದಲ್ಲೇ ಹೆಪ್ಪುಗಟ್ಟಿ ಅಕ್ಷರ ಮೂಡೋದಿಲ್ಲ. ಎರಕ ಬಯಲಲ್ಲೇ ಆಗಬೇಕು. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ತುಂಬುತೋಳಿನ ಹತ್ತಿ ಅಂಗಿ, ಚರ್ಮದ ಕೈಗವಸು. ಕಾಲಿಗೆ ಚಪ್ಪಲಿ ಅಲ್ಲ, ಬೂಟು. ಕೆಳಗೆ ಒಣ ಮರಳಿನ ತಟ್ಟೆ. ಕರಗಿದ ಲೋಹದ ಹತ್ತಿರ ನೀರಿನ ಬಕೆಟ್ ಸುಳಿಯಕೂಡದು. ಕರಗಿಸೋ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು. ಹಿಂದಿನ ಪಿನ್ನನ್ನು ಬೆಸುಗೆ ಹಾಕಲು ಹೋದರೆ ಬಿಲ್ಲೆಯೇ ಕರಗಿ ಕೂತೀತು, ಅರಾಲ್ಡೈಟ್ ಹಾಕಿ ಅಂಟಿಸಿ.

ಬೆಂಕಿಯ ಸಹವಾಸವೇ ಬೇಡ ಅನ್ನುವವರಿಗೆ ರೆಸಿನ್ ಇದೆ. ಗಾಜಿನಂಥ ಬಿಲ್ಲೆಯೊಳಗೆ ನೆಚ್ಚಿನ ನಟನ ಫೋಟೋ! ನಾನು ಆರಿಸಿಕೊಂಡದ್ದು 1980ರ ‘ಆಟೋ ರಾಜ’ದ ಶಂಕರ್‌ನಾಗ್. ರೆಸಿನ್ ಸುರಿದದ್ದೇ ತಡ, ಕಾಗದ ಅದನ್ನು ಹೀರಿಕೊಂಡು ಶಂಕರಣ್ಣನ ಅರ್ಧ ಮುಖ ಎಣ್ಣೆ ಬಿದ್ದ ಹಾಗೆ ಕಪ್ಪಾಯಿತು. ಫೋಟೋಗೆ ಎರಡೂ ಕಡೆ ಮೊದಲೇ ಫೆವಿಕಾಲ್ ಬಳಿದು ಒಣಗಿಸಿಕೊಳ್ಳಿ. ಎಪಾಕ್ಸಿಯ ಎರಡು ದ್ರವಗಳನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ, ನಿಧಾನವಾಗಿ ಕಲಸಿ. ರಭಸವಾಗಿ ಕಲಸಿದರೆ ಬರೀ ಗುಳ್ಳೆ. ಒಂದು ದಿನ ಮುಟ್ಟಬೇಡಿ. ಫೈಬರ್‌ಗ್ಲಾಸ್ ಅಂಗಡಿಯ ಪಾಲಿಯೆಸ್ಟರ್ ರೆಸಿನ್ ತಂದರೆ ಮಾತ್ರ ಹುಷಾರು! ಅದರ ಜೊತೆ ಕೊಡೋ ಕೋಬಾಲ್ಟ್ ದ್ರವವನ್ನೂ ಗಟ್ಟಿ ಮಾಡೋ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿದು ಬೆಂಕಿ ಹತ್ತೀತು. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೇ ಇನ್ನೊಂದು. ಎರಡು ಬಗೆಯಲ್ಲಿ ಯಾವುದಾದರೂ ಸರಿ, ಗಾಳಿ ಆಡೋ ಜಾಗ ಬೇಕು, ಕೈಗೆ ಗವಸು ಬೇಕು.

1996ರ ‘ಪೊಲೀಸ್ ಸ್ಟೋರಿ’ ನೋಡಿದ ಗುಂಗಿನಲ್ಲಿ ಪೊಲೀಸ್ ಲಾಂಛನದ ಬಿಲ್ಲೆ ಮಾಡೋಣ ಅನ್ನಿಸಿದವರಿಗೊಂದು ಮಾತು. ಸಾಯಿಕುಮಾರ್ ತೆರೆ ಮೇಲೆ ಹಾಕಬಹುದು. ನೀವು ಜನರನ್ನು ನಂಬಿಸೋಕೆ ಬೀದೀಲಿ ಹಾಕ್ಕೊಂಡು ಓಡಾಡಿದರೆ ಭಾರತೀಯ ನ್ಯಾಯ ಸಂಹಿತೆ ಪ್ರಕಾರ ಮೂರು ತಿಂಗಳವರೆಗೆ ಜೈಲು ಊಟ!

ಅಂದಹಾಗೆ, ಆ ಉಲ್ಟಾ 786 ನನ್ನ ಹತ್ತಿರ ಇನ್ನೂ ಇದೆ. ಒಂದು ದಿನ ಅದನ್ನೇ ಹಾಕ್ಕೊಂಡು ಆಟೋ ಹತ್ತಿದೆ. ಡ್ರೈವರ್ ಮುಂದಿನ ಕನ್ನಡಿಯಲ್ಲಿ ನನ್ನನ್ನೇ ನೋಡಿ, “ಏನಣ್ಣ, ದೀವಾರ್ ಫ್ಯಾನಾ?” ಅಂದ. ಕನ್ನಡಿಯಲ್ಲಿ ಅವನಿಗೆ ಸರಿಯಾಗೇ ಕಂಡಿತ್ತು!