ಕೆಚ್ಚಲಿನ ಬಾವು, ಕಾಡಂಚಿನ ಹದ್ದು

ಹಂಗಳ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಮಂಜು ಇನ್ನೂ ಸರಿದಿಲ್ಲ. ರಾತ್ರಿಯ ಮಳೆಗೆ ಕೊಟ್ಟಿಗೆಯ ನೆಲವೆಲ್ಲ ಕೆಸರು. ಕೆಚ್ಚಲು ಬಾವು ಹೆಚ್ಚುವುದು ಇಂಥ ದಿನಗಳಲ್ಲೇ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ತೂತು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಹಸು ಆಗಲೇ ಕೆಸರಲ್ಲಿ ಮಲಗಿದರೆ ರೋಗಾಣುಗಳಿಗೆ ದಾರಿ ಸಿಕ್ಕಂತೆ.

ಈ ಸೀಮೆಹಸುವಿನ ಕೆಚ್ಚಲಿನಲ್ಲಿ ಹಿಂಬದಿಯ ಎಡಭಾಗ ಮಾತ್ರ ಕೆಂಪೇರಿ ಊದಿದೆ. ಮುಟ್ಟಿದರೆ ಬಿಸಿ, ಒತ್ತಿದರೆ ಗಟ್ಟಿ. ಪಶುವೈದ್ಯರು ಕಪ್ಪು ಬಟ್ಟೆಯ ಮೇಲೆ ನಾಲ್ಕು ಸೆಳೆ ಕರೆದರು. ನೀರು ನೀರಾದ ಹಾಲು, ನಡುವೆ ಅಕ್ಕಿನುಚ್ಚಿನಂಥ ಬಿಳಿ ಗಂಟುಗಳು.

ಗಂಟಿನೊಳಗಿರುವುದು ಹೆಪ್ಪುಗಟ್ಟಿದ ಹಾಲು ಮತ್ತು ಬಿಳಿ ರಕ್ತಕಣ. ರೋಗಾಣುವನ್ನು ಕೊಲ್ಲಲು ಬಂದ ಈ ಕಣಗಳಿಂದ ಹಾಲಿನ ಗ್ರಂಥಿಗೂ ಏಟು ಬೀಳುತ್ತದೆ. ಊತಕ್ಕೆ ನಾಳಗಳು ಕಟ್ಟಿಕೊಂಡು ಔಷಧಿಯೂ ಹರಡುವುದಿಲ್ಲ. ಆಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಊತ ಅದರ ಕೆಲಸವಲ್ಲ. ಅದಕ್ಕೇ ತೊಟ್ಟಿಗೆ ಏರಿಸುವ ಕೆಲವು ಟ್ಯೂಬ್‌ಗಳಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನೂ ಬೆರೆಸಿರುತ್ತಾರೆ. ಮನುಷ್ಯರ ಮಿದುಳುಪೊರೆಗೆ ಕೆಲವು ಬ್ಯಾಕ್ಟೀರಿಯಾ ತಗುಲಿದಾಗಲೂ ಇದೇ ಲೆಕ್ಕ: ಸಾಯುವ ಬ್ಯಾಕ್ಟೀರಿಯಾದ ಚೂರುಗಳಿಗೇ ದೇಹ ಕೆರಳುವುದರಿಂದ ಆಂಟಿಬಯಾಟಿಕ್‌ನ ಮೊದಲ ಡೋಸಿನೊಂದಿಗೇ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಆದರೆ ಸ್ಟೀರಾಯ್ಡ್ ದೇಹದ ಕಾವಲನ್ನೂ ತಗ್ಗಿಸುತ್ತದೆ. ಅದೊಂದನ್ನೇ ಕೊಟ್ಟರೆ ರೋಗಾಣುವಿಗೆ ಸುಗ್ಗಿ.

“ಗಬ್ಬ ಎಷ್ಟು ತಿಂಗಳಾಯ್ತವ್ವ?”

“ಆರು ತುಂಬ್ತಾ ಅದೆ, ಸಾ.”

ಡೆಕ್ಸಾಮೆಥಸೋನ್ ಸೂಜಿಯ ಮಾತು ಅಲ್ಲಿಗೆ ಮುಗಿಯಿತು. ಬಲಿತ ಗಬ್ಬದ ಹಸು ಅದರಿಂದ ಕಂದು ಹಾಕಬಹುದು. ಆಂಟಿಬಯಾಟಿಕ್ ಜೊತೆ ಮೆಲಾಕ್ಸಿಕ್ಯಾಂ ಚುಚ್ಚಿದರು. ಸ್ಟೀರಾಯ್ಡ್ ಅಲ್ಲದಿದ್ದರೂ ಊತ, ನೋವು, ಜ್ವರ ಇಳಿಸುವ ಔಷಧಿ. ಹಾಲನ್ನು ಸದ್ಯಕ್ಕೆ ಡೇರಿಗೆ ಹಾಕಬೇಡಿ ಎಂದೂ ಹೇಳಿದರು.

ಮೆಲಾಕ್ಸಿಕ್ಯಾಂ ಬಳಗದ್ದೇ ಆದ ಡೈಕ್ಲೋಫೆನಾಕ್ ಒಂದು ಕಾಲಕ್ಕೆ ದನಗಳಿಗೆ ಸಲೀಸಾಗಿ ಚುಚ್ಚುತ್ತಿದ್ದ ಔಷಧಿ. ಅದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಬೆಳ್ಳಗೆ ಕಟ್ಟುತ್ತಿತ್ತು. ಈ ಕಾರಣ ಬಯಲಾದದ್ದು 2004ರಲ್ಲಿ. 2006ರಲ್ಲಿ ಭಾರತ ದನಗಳಿಗೆ ಅದನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ. ಮೆಲಾಕ್ಸಿಕ್ಯಾಂ ಹದ್ದುಗಳಿಗೆ ಅಪಾಯವಿಲ್ಲವೆಂದು ಪರೀಕ್ಷೆಯಲ್ಲಿ ಕಂಡುಬಂದಿದೆ.

ಬಿಳಿಬೆನ್ನಿನ ರಣಹದ್ದು ಬಂಡೀಪುರ, ಮೋಯಾರ್ ಕಣಿವೆಯ ಕಡೆ ಇನ್ನೂ ಉಳಿದಿದೆ. ಹುಲಿ ಹಿಡಿದ ದನ ಕಾಡಂಚಿನಲ್ಲೇ ಬೀಳುವ ಈ ಸೀಮೆಯಲ್ಲಿ ಹದ್ದು ಎಣಿಸಲು ಬರುವವರು ಕೊಟ್ಟಿಗೆಯ ಮೂಲೆಯ ಖಾಲಿ ಶೀಸೆಗಳ ಹೆಸರನ್ನೂ ಓದಬೇಕು.